ಯಮನಪ್ಪ ಕಟ್ಟಿದ ನಲವತ್ತೆರಡನೆಯ ಕಂಪ್ಯೂಟರ್

ಬೆಳಿಗ್ಗೆ ಐದೂಕಾಲು ಗಂಟೆ. ಮಾರತ್ತಹಳ್ಳಿಯ ಹಾಲಿನ ಬೂತಿನ ಹಿಂದಿರುವ ವಠಾರದಲ್ಲಿ ಬೋರ್‌ವೆಲ್ ನೀರು ಬಿಟ್ಟಿದ್ದಾರೆ. ಆರು ಮನೆಗಳ ಜನ ಬಿಂದಿಗೆ ಹಿಡಿದು ಸಾಲಾಗಿ ನಿಂತಿದ್ದಾರೆ. ಕೊನೆಯ ಮನೆಯ ಯಜಮಾನರು ಮಾತ್ರ ಆ ಗಲಾಟೆಗೆ ಬೆನ್ನು ಹಾಕಿ, ತಮ್ಮ ಕೋಣೆಯ ಕಿಟಕಿಯ ಕಬ್ಬಿಣದ ಸರಳನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತಿದ್ದಾರೆ. ಹತ್ತು ಎಣಿಸುವಷ್ಟು ಹೊತ್ತು ಹಾಗೇ ನಿಲ್ಲುತ್ತಾರೆ. ಆಮೇಲೆ ಮಂಚದ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಕೌದಿಯ ಮೇಲೆ ಹಾಸಿದ ಹಳೆಯ ಪೇಪರಿನ ಮೇಲಿಂದ ಒಂದು ಹಸಿರು ಹಲಗೆಯನ್ನು, ಕಂಪ್ಯೂಟರಿನ ಮದರ್‌ಬೋರ್ಡನ್ನು, ಎತ್ತಿಕೊಳ್ಳುತ್ತಾರೆ.

"ಮೈಯಾಗಿನ ಕರೆಂಟ್ ಸರಳಿಗೆ ಇಳೀಬೇಕ್ರಿ. ಇಲ್ಲಾಂದ್ರ ಮುಟ್ಟಿದ ಕೂಡಲೇ ಇದರ ಜೀವಾ ಹೋಗತೈತಿ. ಹೊರಗ ಏನೂ ಕಾಣಂಗಿಲ್ಲ, ಒಳಗ ಸತ್ತಿರತೈತಿ" ಎನ್ನುತ್ತಾರೆ ಯಮನಪ್ಪ.

ಅವರಿಗೆ ಈಗ ಮೂವತ್ತಾರು. ಹಗಲು ಮಹದೇವಪುರದ ಕಾರ್ಖಾನೆಯೊಂದರಲ್ಲಿ ಕರೆಂಟಿನ ಪ್ಯಾನೆಲ್‌ಗಳಿಗೆ ವೈರಿಂಗ್ ಮಾಡುವ ಕೆಲಸ. ಬೆಳಗಿನ ಜಾವ ಐದರಿಂದ ಏಳೂವರೆಯವರೆಗೆ, ಈ ಹತ್ತಡಿ ಕೋಣೆಯಲ್ಲಿ, ಕಂಪ್ಯೂಟರ್ ಕಟ್ಟುವ ಕೆಲಸ. ಹೂಡಿ, ವೈಟ್‌ಫೀಲ್ಡ್, ಬೆಳ್ಳಂದೂರಿನ ಸುತ್ತಮುತ್ತ ಇವರು ಕಟ್ಟಿದ ನೂರ ಹನ್ನೆರಡು ಕಂಪ್ಯೂಟರ್‌ಗಳು ಓಡುತ್ತಿವೆ. ಅಂಗಡಿಯ ಬೋರ್ಡಿಲ್ಲ, ವಿಸಿಟಿಂಗ್ ಕಾರ್ಡಿಲ್ಲ, ಫೋನು ಎದುರಿನ ಎಸ್.ಟಿ.ಡಿ. ಬೂತಿನದು. ಹೆಂಡತಿ ಶೈಲಾ ಚಹಾ ತಂದಿಡುತ್ತಾ ನಗುತ್ತಾರೆ. "ಮಂಚದ ಮ್ಯಾಲೆ ಕಂಪ್ಯೂಟರ್ ಮಲಗತೈತ್ರಿ, ನಾವಿಬ್ಬರೂ ನೆಲದ ಮ್ಯಾಲೆ. ಮದುವಿ ಆಗಿದ್ದು ಯಾರ ಜೋಡಿ ಅಂತ ಒಮ್ಮೊಮ್ಮೆ ಕೇಳ್ತೀನಿ."

ಆರೂವರೆಗೆ ಬಾಗಿಲಲ್ಲಿ ಒಬ್ಬ ಗಿರಾಕಿ. ಹೆಸರು ಲಕ್ಷ್ಮಣಪ್ಪ, ವೈಟ್‌ಫೀಲ್ಡ್ ಸ್ಟೇಷನ್ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟಿದ್ದಾರೆ. ಕಂಪನಿಯ ಕಂಪ್ಯೂಟರ್ ಕೊಳ್ಳುವುದೋ, ಇವರ ಕೈಲಿ ಕಟ್ಟಿಸುವುದೋ ಎಂಬುದು ಅವರ ಸಮಸ್ಯೆ. ಎರಡಕ್ಕೂ ಹದಿನೈದು ಸಾವಿರದಷ್ಟು ವ್ಯತ್ಯಾಸ. "ನಿಮ್ಮ ಮಷೀನು ಸಕ್ಕತ್ತಾಗಿರುತ್ತೆ ಅಂತ ಎಲ್ರೂ ಹೇಳ್ತಾರೆ ಗುರು, ಕಟ್ಟಿಕೊಟ್ಬಿಡಿ" ಎಂದು ಅವರು ದುಡ್ಡಿನ ಕವರನ್ನೇ ಹೊರಗೆ ತೆಗೆಯುತ್ತಾರೆ. ಯಮನಪ್ಪ ಕವರಿನ ಕಡೆ ನೋಡುವುದಿಲ್ಲ. ಅವರದು ಒಂದೇ ಪ್ರಶ್ನೆ. "ಮನ್ಯಾಗ ಮಕ್ಕಳು ಕಲಿಯಾಕ ಏನ್ರಿ, ಹೊಟ್ಟಿಪಾಡಿಗೆ ಏನ್ರಿ?"

ಅಂಗಡಿಗೆ, ಎನ್ನುತ್ತಾರೆ ಲಕ್ಷ್ಮಣಪ್ಪ.

"ಹಂಗಾರ ಕಂಪನೀದ ತಗೋರಿ. ಕೆಟ್ರ ಅವರ ಮಂದಿ ಬರ್ತಾರ. ನಾ ಒಬ್ಬನ ಅದೀನಿ. ನಾ ತಪ್ಪಿದ್ರ ನಿಮಗ ಹಿಂದ ಯಾರೂ ಇರೂದಿಲ್ಲ."

ಲಕ್ಷ್ಮಣಪ್ಪ ಕವರನ್ನು ಜೇಬಿಗೆ ಇಳಿಸಿ, ಇಂಥ ವ್ಯಾಪಾರಸ್ಥನನ್ನು ಎಲ್ಲೂ ಕಂಡಿಲ್ಲವೆಂಬಂತೆ ತಲೆ ಆಡಿಸುತ್ತಾ ಹೋಗುತ್ತಾರೆ. ಹೀಗೆ ತಿಂಗಳಿಗೆ ಇಬ್ಬರೋ ಮೂವರೋ ವಾಪಸು ಹೋಗುತ್ತಾರೆ. ಬಿಡಿ ಭಾಗಗಳನ್ನು ಕೊಳ್ಳಲು ಯಮನಪ್ಪ ಪ್ರತಿ ಭಾನುವಾರ ಎಸ್.ಪಿ. ರಸ್ತೆಗೆ ಹೋದರೆ ಅಲ್ಲಿನ ಅಂಗಡಿಯವರು ಕಾಲೆಳೆಯುತ್ತಾರೆ. ಬಾಗಿಲಿಗೆ ಬಂದ ಗಿರಾಕಿಯನ್ನು ಓಡಿಸುವುದಕ್ಕೆ ಸಂಬಳ ಎಷ್ಟು ಕೊಡುತ್ತಾರೆ ಎಂದು ಕೇಳುತ್ತಾರೆ. ಯಮನಪ್ಪ ನಕ್ಕು, ಬೇಕಾದ ಭಾಗಗಳ ಚೀಟಿ ಮುಂದಿಡುತ್ತಾರೆ. ಆ ನಗೆ ತುಟಿಯಿಂದ ಆಚೆ ಹೋಗುವುದಿಲ್ಲ.

ಮೊದಲು ಅವರು ಹೀಗಿರಲಿಲ್ಲ. ಆಗ ಕಂಪನಿಯ ಮಾಲು ಎಂದರೆ ಅವರಿಗೆ ತಮಾಷೆ.

ಹುನಗುಂದದ ಕಡೆಯ ಹಳ್ಳಿಯಿಂದ ಎಂಬತ್ತೆಂಟರಲ್ಲಿ ಗಾರೆ ಕೆಲಸದ ಗುಂಪಿನ ಜೊತೆ ಬಂದವರು ಯಮನಪ್ಪ. ಮಹದೇವಪುರದ ಕಾರ್ಖಾನೆಯ ಗೋಡೆ ಏಳುವಾಗ ಇಟ್ಟಿಗೆ ಹೊತ್ತರು. ಗೋಡೆ ಮುಗಿದು ಗುಂಪು ಬೇರೆ ಕಡೆ ಹೊರಟಾಗ ಇವರು ಮಾತ್ರ ಎಲೆಕ್ಟ್ರಿಷಿಯನ್‌ಗೆ ಕೈಯಾಳಾಗಿ ಅಲ್ಲೇ ಉಳಿದರು. ಒಂದು ದಿನ ಆಫೀಸಿನ ಕಂಪ್ಯೂಟರ್ ಕೆಟ್ಟಿತು. ರಿಪೇರಿಗೆ ಬಂದ ಇಂಜಿನಿಯರ್, ಟಾರ್ಚ್ ಹಿಡಿಯಲು ಯಾರನ್ನಾದರೂ ಕರೆಯಿರಿ ಅಂದರು. ಯಮನಪ್ಪ ಟಾರ್ಚ್ ಹಿಡಿದರು. ಹಿಡಿದವರು ಇಣುಕಿಯೂ ನೋಡಿದರು. "ಎಲ್ಲಾರೂ ಅದನ್ನ ದೇವರಂಗ ನೋಡ್ತಿದ್ರು. ಒಳಗ ನೋಡಿದ್ರ ನಮ್ಮ ಪ್ಯಾನೆಲ್ಲಿನ ಕೆಲಸಾನ ಐತಿ. ಸಣ್ಣದು, ಅಷ್ಟ." ಗುಜರಿಯಿಂದ ಸತ್ತ ಕಂಪ್ಯೂಟರ್ ಒಂದನ್ನು ತಂದರು. ಅದನ್ನು ಹನ್ನೊಂದು ಸಲ ಬಿಚ್ಚಿ ಹನ್ನೊಂದು ಸಲ ಕೂಡಿಸಿದರು. ಹನ್ನೆರಡನೆಯ ಸಲ ಅದು ಕೀ ಎಂದು ಎದ್ದಿತು. ವಠಾರದ ಅರ್ಧ ಜನ ನೋಡಲು ಬಂದರು.

ಅಲ್ಲಿಂದ ವಾರಕ್ಕೆ ಒಂದು, ಹೆಚ್ಚೆಂದರೆ ಎರಡು. ಕಟ್ಟಲು ಮುಕ್ಕಾಲು ಗಂಟೆ, ಪ್ರೋಗ್ರಾಂ ತುಂಬಲು ಎರಡು ಗಂಟೆ, ಕೌದಿ ಸುತ್ತಿ ಸೈಕಲ್ಲಿನ ಕ್ಯಾರಿಯರ್‌ಗೆ ಬಿಗಿಯಲು ಹತ್ತು ನಿಮಿಷ. ಕಡಿಮೆ ದುಡ್ಡಿಗೆ ಹೆಚ್ಚು ವೇಗದ ಮಷೀನು. ಹೆಸರು ಬಂತು. ಹೆಸರಿನ ಜೊತೆ ಒಂಚೂರು ಸೊಕ್ಕೂ ಬಂತು ಎಂದು ಅವರೇ ಒಪ್ಪಿಕೊಳ್ಳುತ್ತಾರೆ.

ತೊಂಬತ್ತೇಳರ ಫೆಬ್ರವರಿಯಲ್ಲಿ ಹೂಡಿಯ ಹೇಮಲತಾ ಅವರು ಬಂದದ್ದೂ ಲಕ್ಷ್ಮಣಪ್ಪನವರ ಸಮಸ್ಯೆಯನ್ನೇ ಹೊತ್ತು. ಮೂಲ ದಾವಣಗೆರೆಯ ಕಡೆಯವರು. ಕೆ.ಆರ್. ಪುರದ ತಾಲ್ಲೂಕು ಕಚೇರಿಯ ಎದುರು ಎರಡು ಟೈಪ್‌ರೈಟರ್ ಇಟ್ಟುಕೊಂಡು, ಒಂದು ಕನ್ನಡದ್ದು, ಒಂದು ಇಂಗ್ಲಿಷಿನದು, ಒಂಬತ್ತು ವರ್ಷ ಮನೆ ನಡೆಸಿದವರು. ಗಂಡನ ಕಾರ್ಖಾನೆಗೆ ಬೀಗ ಬಿದ್ದು ವರ್ಷವಾಗಿತ್ತು. ಹತ್ತಿರದ ಇಂಜಿನಿಯರಿಂಗ್ ಕಾಲೇಜೊಂದು ಅರವತ್ತು ಹುಡುಗರ ಪ್ರಾಜೆಕ್ಟ್ ರಿಪೋರ್ಟುಗಳನ್ನು ಅವರಿಗೇ ಕೊಡುವುದಾಗಿ ಹೇಳಿತ್ತು. ಆದರೆ ಕಂಪ್ಯೂಟರಿನಲ್ಲಿ ಆಗಬೇಕು, ಏಪ್ರಿಲ್ ಒಳಗೆ ಶುರುವಾಗಬೇಕು. ಹೇಮಲತಾ ಅವರ ಕೈಯಲ್ಲಿ ಒಂದು ಕಂಪನಿಯ ಕರಪತ್ರವಿತ್ತು. ಅಗ್ಗದ ಮಾದರಿ, ಒಂದು ವರ್ಷದ ಗ್ಯಾರಂಟಿ.

"ಇದನ್ನೇ ತಗೊಳ್ಳೋಣ ಅಂತ ಮನಸ್ಸಾಗಿದೆ ಯಮನಪ್ಪ. ಆದ್ರೂ ನೀನೊಂದು ಮಾತು ಹೇಳಪ್ಪ" ಅಂದರಂತೆ.

ಯಮನಪ್ಪ ಕರಪತ್ರವನ್ನು ಎರಡು ಬೆರಳಲ್ಲಿ ಎತ್ತಿ ನೋಡಿ ಪಕ್ಕಕ್ಕಿಟ್ಟರು. "ಅಕ್ಕಾರ, ಇವರು ಡಬ್ಬಿ ಮ್ಯಾಲಿನ ಹೆಸರಿಗೆ ರೊಕ್ಕಾ ತಗೋತಾರ. ನಾ ಅದಕ್ಕಿಂತ ಚಲೋದು ಕಟ್ಟಿಕೊಡ್ತೀನಿ. ಗ್ಯಾರಂಟಿ ನಾನ ಅದೀನಲ್ಲ" ಎಂದರು. ಆ ಕೊನೆಯ ಮಾತನ್ನು ಈಗ ಹೇಳುವಾಗ ಸ್ಕ್ರೂಡ್ರೈವರ್ ಹಿಡಿದ ಅವರ ಕೈ ನಿಲ್ಲುತ್ತದೆ.

ಹೇಮಲತಾ ನಂಬಿದರು. ದುಡ್ಡು ಸಾಲದ್ದಕ್ಕೆ ಎರಡೂ ಟೈಪ್‌ರೈಟರ್‌ಗಳನ್ನು ಮಾರಿದರು.

ಮಾರ್ಚ್ ತಿಂಗಳ ಒಂದು ಶುಕ್ರವಾರ, ಕಾರ್ಖಾನೆಗೆ ರಜೆ ಹಾಕಿದ ದಿನ. ಅದು ಯಮನಪ್ಪನವರ ನಲವತ್ತೆರಡನೆಯ ಕಂಪ್ಯೂಟರ್. ಹೂಡಿಯ ಮನೆಯಲ್ಲಿ ಹೇಮಲತಾ ಅವರ ಅತ್ತೆ ಮಹಾಂತಮ್ಮ ಪೂಜೆಗೆ ಅಣಿ ಮಾಡಿದ್ದರು. ಪೆಟ್ಟಿಗೆಗೆ ವಿಭೂತಿಯ ಮೂರು ಪಟ್ಟೆ, ಮಾನಿಟರಿಗೆ ಒಂದು ಮೊಳ ಮಲ್ಲಿಗೆ. ಹತ್ತೂವರೆಗೆ ರಾಹುಕಾಲ. ಅದು ಶುರುವಾಗುವ ಮೊದಲೇ ಸ್ವಿಚ್ ಹಾಕಬೇಕು, ಸೊಸೆಯ ಕೈಯಿಂದಲೇ ಹಾಕಿಸಬೇಕು ಎಂದು ಮಹಾಂತಮ್ಮನವರ ಹಟ. ಆದರೆ ರಸ್ತೆಯ ಗುಂಡಿಗಳಲ್ಲಿ ಸೈಕಲ್ ಕುಲುಕಿ ಒಳಗೆ ಯಾವುದೋ ಭಾಗ ಸಡಿಲವಾಗಿತ್ತು, ಮಷೀನು ಏಳಲಿಲ್ಲ. ಯಮನಪ್ಪ ಮುಚ್ಚಳ ತೆಗೆದರು. ಅಷ್ಟರಲ್ಲಿ ಕರೆಂಟೂ ಹೋಯಿತು. ಕಿಟಕಿಯಿಲ್ಲದ ನಡುಮನೆಯಲ್ಲಿ ಮಹಾಂತಮ್ಮ ಟಾರ್ಚ್ ಹಿಡಿದರು. ಸಡಿಲವಾದದ್ದನ್ನು ಒತ್ತಿ ಕೂರಿಸಲು ಜಾಗ ಸಾಲದೆ, ಕರೆಂಟ್ ತರುವ ಎರಡು ಪ್ಲಗ್ಗುಗಳನ್ನು ಯಮನಪ್ಪ ಕಿತ್ತು ಪಕ್ಕಕ್ಕೆ ಸರಿಸಿದರು.

ಆ ಎರಡು ಪ್ಲಗ್ಗುಗಳು ನೋಡಲು ಅಕ್ಕ-ತಂಗಿ. ಅಕ್ಕಪಕ್ಕ ಕೂರುತ್ತವೆ. ಎರಡರ ಕಪ್ಪು ತಂತಿಗಳೂ ನಡುವೆ ಬಂದು ಒಂದಕ್ಕೊಂದು ತಾಗಿರಬೇಕು. ಅದಲುಬದಲಾದರೆ ಕಪ್ಪು ತಂತಿಗಳು ಎರಡು ತುದಿಗೆ ಹೋಗುತ್ತವೆ. ಹಾಗಿದ್ದಾಗ ಸ್ವಿಚ್ ಹಾಕಿದರೆ ಹಲಗೆ ಸುಟ್ಟಿತೆಂದೇ ಲೆಕ್ಕ. ಈ ಕಸುಬಿಗೆ ಕೈ ಹಾಕಿದವನು ಮೊದಲ ದಿನ ಕಲಿಯುವ ಪಾಠ ಇದು. ನಲವತ್ತೊಂದು ಮಷೀನುಗಳಲ್ಲಿ ಯಮನಪ್ಪ ಇದನ್ನು ಬಾಯಲ್ಲಿ ಹೇಳಿಕೊಂಡೇ ಮಾಡಿದ್ದರು, ಕಪ್ಪಿನ ಪಕ್ಕ ಕಪ್ಪು ಎಂದು.

ಹತ್ತು ಇಪ್ಪತ್ತೈದಕ್ಕೆ ಕರೆಂಟ್ ಬಂತು. ಮಹಾಂತಮ್ಮ ಆರತಿಗೆ ಶುರುವಿಟ್ಟರು. "ಆಯ್ತೇನಪ್ಪಾ, ಹೊತ್ತು ಮೀರ್ತದೆ" ಎಂದು ಹೇಮಲತಾ ಅವಸರಪಡಿಸಿದರು. ಯಮನಪ್ಪ ಎರಡೂ ಪ್ಲಗ್ಗುಗಳನ್ನು ಒತ್ತಿ ಮುಚ್ಚಳ ಹಾಕಿದರು. ಅವತ್ತು ಬಾಯಲ್ಲಿ ಹೇಳಿಕೊಳ್ಳಲಿಲ್ಲ. ಹೇಮಲತಾ ಕೈಮುಗಿದು ಸ್ವಿಚ್ ಒತ್ತಿದರು. ಪಟ್ ಎಂದು ಸಣ್ಣ ಸದ್ದು, ಹಿಂದಿನಿಂದ ತೆಳ್ಳನೆಯ ಹೊಗೆ. ಊದುಬತ್ತಿಯದೆಂದು ಎಲ್ಲರೂ ಅಂದುಕೊಂಡರು. ಸುಟ್ಟ ವಾಸನೆ ಮೂಗಿಗೆ ಬಡಿದದ್ದು ಯಮನಪ್ಪನವರೊಬ್ಬರಿಗೇ. ಮಾನಿಟರ್ ಕಪ್ಪಾಗಿಯೇ ಉಳಿಯಿತು, ಪ್ಲಗ್ಗುಗಳು ಅದಲುಬದಲಾಗಿವೆ ಎಂದು ಅವರಿಗೆ ಆಗಲೇ ತಿಳಿಯಿತು.

ಗೋಡೆಯ ಗಡಿಯಾರ ಹತ್ತೂ ಮೂವತ್ತೆರಡು ತೋರಿಸುತ್ತಿತ್ತು. ಕಾರ್ಖಾನೆಯ ಸೈರನ್ನಿಗೆ ದಿನಾ ಸರಿಹೊಂದಿಸುವ ಯಮನಪ್ಪನವರ ಕೈಗಡಿಯಾರದಲ್ಲಿ ಇನ್ನೂ ಹತ್ತೂ ಇಪ್ಪತ್ತೆಂಟು.

"ಆರತಿ ಎಳೆದು ಹೊತ್ತು ಮೀರಿಸಿದವಳು ನಾನೇ ಕಣೇ" ಎಂದು ಮಹಾಂತಮ್ಮ ಕಣ್ಣೊರೆಸಿಕೊಂಡರು. "ಇಲ್ಲ ಅತ್ತೆ, ರಾಹುಕಾಲದಲ್ಲಿ ಒತ್ತಿದ್ದು ನನ್ನ ಕೈ. ನನ್ನ ಕೈಗುಣಾನೇ ಸರಿ ಇಲ್ಲ" ಎಂದರು ಹೇಮಲತಾ. ಇಬ್ಬರೂ ಯಮನಪ್ಪನವರ ಮುಖ ನೋಡಿದರು. ಅವರು ಬಾಯಿ ತೆರೆದರು. ಹೊರಗೆ ಬಂದ ಮಾತು ಬೇರೆ.

"ವೋಲ್ಟೇಜ್ ಏರಿರಬೇಕ್ರಿ ಅಕ್ಕಾರ, ಅಂದೆ. ನನ್ನ ಗಡಿಯಾರದಾಗ ಇನ್ನ ಎರಡು ನಿಮಿಷ ಇತ್ತು ಅಂತನೂ ಹೇಳಲಿಲ್ಲ. ಅಷ್ಟಾದ್ರೂ ಹೇಳಬಹುದಿತ್ತು."

ತಂತಿ ತಪ್ಪಿದ್ದು ಅವಸರದಿಂದ, ಅದು ಯಾರಿಗೂ ಆಗಬಹುದಾದದ್ದು. ಆದರೆ ಆ ಸುಳ್ಳು? ಯಮನಪ್ಪ ತಮಗೆ ತಾವು ರಿಯಾಯಿತಿ ಕೊಟ್ಟುಕೊಳ್ಳುವುದಿಲ್ಲ. "ನಲವತ್ತೊಂದು ಚಲೋ ಕಟ್ಟಿದಾಂವ ಅನ್ನೂ ಹೆಸರು ಹೋಗತೈತಿ ಅಂತ ಅಂಜಿದೆ. ಮತ್ತೇನಿಲ್ಲ."

ಸುಟ್ಟ ಹಲಗೆಯನ್ನು ಯಾವ ಅಂಗಡಿಯೂ ವಾಪಸು ಪಡೆಯುವುದಿಲ್ಲ. ಕಂಪನಿಯದಾಗಿದ್ದರೆ ವಾರದಲ್ಲಿ ಬೇರೆಯದು ಬರುತ್ತಿತ್ತು. ಯಮನಪ್ಪ ಓವರ್‌ಟೈಮ್ ಮಾಡಿ ಹೊಸ ಹಲಗೆ ಕೊಂಡು, ಅಂಗಡಿಯವರು ಬದಲಿ ಕೊಟ್ಟರೆಂದು ಮತ್ತೊಂದು ಸುಳ್ಳು ಹೇಳಿ ಹಾಕಿಕೊಡುವಷ್ಟರಲ್ಲಿ ಜುಲೈ ಬಂದಿತ್ತು. ಅರವತ್ತು ರಿಪೋರ್ಟುಗಳು ಬೇರೆ ಕಡೆ ಮುಗಿದಿದ್ದವು, ಕಾಲೇಜಿನ ಕೆಲಸ ಆ ಬೇರೆಯವರಿಗೇ ಕಾಯಂ ಆಗಿತ್ತು. ಟೈಪ್‌ರೈಟರೂ ಇಲ್ಲದ ಹೇಮಲತಾ ಕೆ.ಆರ್. ಪುರದ ಡಿ.ಟಿ.ಪಿ. ಅಂಗಡಿಯೊಂದರಲ್ಲಿ ದಿನಗೂಲಿಗೆ ಕೂತಿದ್ದರು. ಕಂಪ್ಯೂಟರಿಗೆ ಕ್ರೋಷಾ ಬಟ್ಟೆ ಹೊದಿಸಿ ಮೂಲೆಗಿಟ್ಟಿದ್ದರು. ಅಪಶಕುನದ ವಸ್ತು, ಮುಟ್ಟುವುದು ಬೇಡ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು.

"ನೀನೇನು ಮಾಡ್ತೀಯ ಪಾಪ, ನಿನ್ನ ತಪ್ಪೇನಿದೆ. ಊಟ ಮಾಡ್ಕೊಂಡು ಹೋಗು ಅಂದ್ರು ಅಕ್ಕಾರು. ಉಂಡು ಬಂದೆ ಸರ. ಆ ಊಟ ಇನ್ನಾ ಗಂಟಲದಾಗ ಐತಿ."

ಅಂದಿನಿಂದಲೇ ಬಾಗಿಲಿಗೆ ಬಂದವರಿಗೆ ಅವರು ಆ ಒಂದು ಪ್ರಶ್ನೆ ಕೇಳುವುದು. ಮನೆಯ ಮಕ್ಕಳಿಗಾದರೆ ಈಗಲೂ ಸಂತೋಷದಿಂದ ಕಟ್ಟಿಕೊಡುತ್ತಾರೆ. ಹೊಟ್ಟೆಪಾಡಿನವರಿಗೆ ಕಂಪನಿಯ ದಾರಿ ತೋರಿಸುತ್ತಾರೆ. ಹೂಡಿಯ ಆ ಮನೆಯ ಗೇಟಿನವರೆಗೆ ಮೂರು ಸಲ ಹೋಗಿದ್ದಾರೆ, ಮೂರು ಸಲವೂ ಸೈಕಲ್ ತಿರುಗಿಸಿದ್ದಾರೆ. "ಒಳಗ ಹೋಗಿ ಹೇಳಿಬಿಡ್ರಿ ಅಂತ ನಾನೂ ಬಡಕೊಂಡೆ. ಈ ಮನಶ್ಯಾಗ ಕಾಲು ಬರವಲ್ಲವು" ಎನ್ನುತ್ತಾರೆ ಶೈಲಾ.

ಸುಳ್ಳು ಎರಡು ವರ್ಷ ಹೇಗೋ ಒಳಗೇ ಅಡಗಿಕೊಂಡಿತ್ತು. ಹೋದ ತಿಂಗಳು ಹೇಮಲತಾ ಅವರು ದುಡಿಯುವ ಅಂಗಡಿಗೇ ರಿಪೇರಿಗೆ ಹೋಗುವ ಪ್ರಸಂಗ ಬಂತು. ಕಾರ್ಖಾನೆಗೆ ರಜೆಯಿದ್ದ ದಿನ, ಬೆಳಗಿನ ಹೊತ್ತು. ಹೇಮಲತಾ ತಮ್ಮ ಕುರ್ಚಿಯ ಪಕ್ಕ ಸುಮ್ಮನೆ ನಿಂತಿದ್ದರು. ಯಾಕೆಂದು ಯಮನಪ್ಪ ಕೇಳಿದರೆ, ಮಾಲೀಕರು ಬಂದು ಸ್ವಿಚ್ ಹಾಕಲಿ ಎಂದು ಕಾಯುತ್ತಿರುವುದಾಗಿ ಹೇಳಿ ನಕ್ಕರಂತೆ. "ನನ್ನ ಕೈ ನಿನಗೆ ಗೊತ್ತಲ್ಲ ಯಮನಪ್ಪ. ಬೇರೆಯವರ ಮಷೀನ್ ಯಾಕೆ ಹಾಳು ಮಾಡ್ಲಿ? ಅವರು ಹಾಕಿಕೊಟ್ರೆ ಸಾಯಂಕಾಲದ ತನಕ ಟೈಪ್ ಮಾಡ್ತೀನಿ." ನಿಮಿಷಕ್ಕೆ ಅರವತ್ತು ಪದ ಹೊಡೆಯುವ ಕೈ ಅದು. ಎರಡು ವರ್ಷದಿಂದ ಒಂದು ಸ್ವಿಚ್ ಮುಟ್ಟಿಲ್ಲ. ಯಮನಪ್ಪ ರಿಪೇರಿ ಅರ್ಧಕ್ಕೆ ಬಿಟ್ಟು ಹೊರಗೆ ಬಂದು, ರಸ್ತೆಯ ಪಕ್ಕದ ಕಲ್ಲಿನ ಮೇಲೆ ಕೂತು ಅತ್ತರು. ಅದನ್ನು ಹೇಳಿಕೊಳ್ಳಲು ಅವರಿಗೆ ನಾಚಿಕೆಯಿಲ್ಲ.

ಏಳೂ ಇಪ್ಪತ್ತು. ಕಾರ್ಖಾನೆಗೆ ಹೊರಡುವ ಹೊತ್ತು. ಮಂಚದ ಮೇಲಿನ ಮಷೀನು ಸಿದ್ಧವಾಗಿದೆ, ಮಾರತ್ತಹಳ್ಳಿಯ ಶಾಲೆಯ ಮೇಷ್ಟ್ರೊಬ್ಬರ ಮಗಳಿಗೆ. ಈ ಲೇಖನದಲ್ಲಿ ಊರು, ಹೆಸರು ಎಲ್ಲ ಬದಲಿಸಿ ಬರೆಯಬಹುದು, ಇಲ್ಲದಿದ್ದರೆ ಕೈಯಲ್ಲಿರುವ ನಾಲ್ಕು ಗಿರಾಕಿಗಳೂ ಬಿಟ್ಟುಹೋದಾರು ಎಂದು ನಾವು ಹೇಳಿದರೆ ಯಮನಪ್ಪ ಒಪ್ಪುವುದಿಲ್ಲ. ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಬಾಗಿಲಲ್ಲಿ ನಿಲ್ಲುತ್ತಾರೆ.

"ಬ್ಯಾಡ್ರಿ ಸರ. ಭಾನುವಾರದ ಪೇಪರ್ ಅಕ್ಕಾರು ಒಂದಕ್ಷರ ಬಿಡದ ಓದ್ತಾರ. ನನ್ನ ಬಾಯಿಲೆ ಆಗಲಿಲ್ಲ, ನೀವು ಬರೀರಿ. ಅವತ್ತು ರಾಹುಕಾಲ ಇನ್ನಾ ಬಂದಿದ್ದಿಲ್ಲ. ಅಕ್ಕಾರ ಕೈಗುಣ ಚಲೋ ಐತಿ. ತಂತಿ ತಪ್ಪು ಹಚ್ಚಿದಾಂವ ಯಮನಪ್ಪ."