ಕಾಲುವೆಯಲ್ಲಿ ತೊಳೆದ ಗಾಡಿ

ಸದ್ದು ನಲವತ್ತರ ವೇಗದಲ್ಲಿ ಶುರುವಾಗುತ್ತಿತ್ತು. ಐವತ್ತಕ್ಕೆ ಬಂದರೆ ಜೋರು. ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದರೆ ದನಿ ಬದಲಾಗಿ, ನಿದ್ದೆಯಲ್ಲಿ ಯಾರೋ ಹಲ್ಲು ಕಡಿದಂತೆ ಕೇಳುತ್ತಿತ್ತು. ಇದನ್ನೆಲ್ಲ ಜೇಬಿನ ಪುಸ್ತಕದಲ್ಲಿ ಬರೆದುಕೊಂಡೆ. ಪತ್ರಿಕೆಯಲ್ಲಿ ಕೆಲಸ ಮಾಡುವವರ ಚಟ ಅದು, ಹೆದರಿಕೆಯಾದಾಗ ಬರೆದುಕೊಳ್ಳುತ್ತೇವೆ.

ಗಾಡಿ ನನ್ನ ಅಣ್ಣನದು. ಹದಿನೈದು ವರ್ಷ ಓಡಿದ ಡೀಸೆಲ್ ಪಿಕಪ್. ಭತ್ತದ ನಾಟಿ ಶುರುವಾದರೆ ಕುಷ್ಟಗಿ ತಾಲ್ಲೂಕಿನ ನಮ್ಮೂರಿನಿಂದ ಹದಿನಾಲ್ಕು ಹೆಣ್ಣುಮಕ್ಕಳನ್ನು ಹಿಂದೆ ಕೂರಿಸಿಕೊಂಡು ದಿನಾ ಬೆಳಿಗ್ಗೆ ಸಿದ್ದಾಪುರದ ಗದ್ದೆಗಳಿಗೆ ಹೋಗುತ್ತಾನೆ, ಸಂಜೆ ಕರೆತರುತ್ತಾನೆ. ಆ ಗುಂಪಿನ ಮುಂದಾಳು ನಮ್ಮ ಅವ್ವ. ಸಾಮಾನು ಸಾಗಿಸುವ ಗಾಡಿಯಲ್ಲಿ ಜನರನ್ನು ಒಯ್ಯಬಾರದೆಂದು ನನಗೆ ಗೊತ್ತು. ಅಂಥ ಗಾಡಿಗಳು ಉರುಳಿದ ಸುದ್ದಿಯನ್ನು ಕೊಪ್ಪಳದ ಕಚೇರಿಯಲ್ಲಿ ಕೂತು ನಾನೇ ಎಷ್ಟೋ ಸಲ ಬರೆದಿದ್ದೇನೆ. ಐದು ಸಾಲು ಸಾಕಾಗುತ್ತದೆ. ‘ಚಾಲಕನ ನಿಯಂತ್ರಣ ತಪ್ಪಿ’ ಎಂದು ಶುರು ಮಾಡುತ್ತೇವೆ. ಆದರೆ ನಮ್ಮ ಮನೆಯ ಗಾಡಿಯ ಬಗ್ಗೆ ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ.

ರಜೆಗೆ ಊರಿಗೆ ಬಂದವನು ಅಂದು ಅಣ್ಣನ ಪಕ್ಕ ಕೂತಿದ್ದೆ.

“ಅಣ್ಣಾ, ಹಿಂದ ಏನೋ ಸದ್ದು ಬರಾಕತ್ತೈತಲ್ಲ?”

“ಟೈರಿಂದು.”

“ಟೈರಿಂದು ಹಿಂಗ ಇರೂದಿಲ್ಲ.”

“ನೀ ಯಾವಾಗ ಮಿಸ್ತ್ರಿ ಆದಿ? ಪೇಪರ್ ನೀ ಬರಿ, ಗಾಡಿ ನನಗ ಬಿಡು.”

ಹಿಂದಿನ ಗಾಜಿನಲ್ಲಿ ಅವ್ವನ ಬೆನ್ನು ಕಾಣುತ್ತಿತ್ತು. ಯಾರದೋ ಸೊಸೆಯ ಕಥೆ ನಡೆದಿತ್ತು, ನಗು ಕೇಳುತ್ತಿತ್ತು. ಕನಕಗಿರಿ ದಾಟಿದ ಮೇಲೆ ಒಂದು ಇಳಿಜಾರಿನಲ್ಲಿ ಗಾಡಿಯ ಅಡಿಯಿಂದ ಟಕ್ ಎಂದು ಏನೋ ಬಡಿಯಿತು. ಒಂದೇ ಸಲ. ಹಿಂದಿನ ನಗು ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಮಾತು ಶುರುವಾಯಿತು. ಅಣ್ಣ ನನ್ನ ಕಡೆ ನೋಡಲಿಲ್ಲ. ವೇಗ ಮಾತ್ರ ಇಳಿಸಿದ. ಅವನ ಕಿವಿಯೂ ಹಿಂದೆಯೇ ಇದೆ ಎಂಬುದು ನನಗಾಗ ತಿಳಿಯಿತು.

ಅಂದು ಅಮಾವಾಸ್ಯೆ. ನಮ್ಮ ಒಣಭೂಮಿಯಲ್ಲಿ ಅಮಾವಾಸ್ಯೆಗೆ ಎತ್ತು ಹೂಡುವುದಿಲ್ಲ. ಕಾಲುವೆ ನೀರಿನ ಗದ್ದೆಗೆ ಅಮಾವಾಸ್ಯೆ ಇಲ್ಲ. ಹೆಂಗಸರು ಇಳಿದು, ಸೀರೆ ಮೇಲೆ ಕಟ್ಟಿ ಕೆಸರಿಗೆ ಹೋದರು. ಅಣ್ಣನಿಗೆ ಮಾತ್ರ ಅಮಾವಾಸ್ಯೆ ತಪ್ಪುವುದಿಲ್ಲ. ಗಾಡಿ ತೊಳೆದು, ಕಾಯಿ ಒಡೆದು, ಚಕ್ರದ ಕೆಳಗೆ ನಿಂಬೆಹಣ್ಣು ಇಡಬೇಕು.

“ಮದ್ಲ ಮಿಸ್ತ್ರಿ ಹತ್ರ ಹೋಗೂಣು,” ಎಂದೆ.

“ಹೊಲಸು ಗಾಡಿ ತಗೊಂಡು ಅಮಾಸಿ ದಿನ ರಿಪೇರಿಗೆ ಹೋಗ್ತಾರೇನಲೇ? ಮದ್ಲ ಜಳಕ, ಆಮ್ಯಾಲೆ ಡಾಕ್ಟರ್.”

ದನ ಇಳಿಯಲು ಮಾಡಿದ ಇಳಿಜಾರಿನಲ್ಲಿ ಗಾಡಿಯನ್ನು ಹಿಂದಕ್ಕೆ ಬಿಟ್ಟು, ಹಿಂದಿನ ಚಕ್ರಗಳನ್ನು ಉಪಕಾಲುವೆಗೆ ಇಳಿಸಿದ. ಅರವತ್ತು ಕಿಲೋಮೀಟರ್‌ಗಿಂತ ಹೆಚ್ಚು ಓಡಿ ಬಂದಿದ್ದ ಗಾಡಿ. ಎರಡು ಹಿಂಚಕ್ರಗಳ ನಡುವಿನ, ಒಳಗೆ ಹಲ್ಲುಚಕ್ರಗಳಿರುವ ಆ ಕಬ್ಬಿಣದ ದುಂಡು ಹೊಟ್ಟೆ ನೀರಿಗೆ ತಾಗಿದ್ದೇ ಚುಂಯ್ ಎಂದಿತು. ಅಣ್ಣ ಖುಷಿಯಿಂದ ಬಾನೆಟ್ ಮೇಲೆ ತಟ್ಟಿದ. “ನೋಡು, ತಣ್ಣಗಾತು.” ಪ್ರತಿ ಅಮಾವಾಸ್ಯೆಗೂ ಹೀಗೇ ಇಳಿಸುತ್ತಾನೆ. ನಮ್ಮೂರಿನ ಗಾಡಿಯವರೆಲ್ಲ ಇಳಿಸುತ್ತಾರೆ. ಒಣ ಊರಿನವರಿಗೆ ಅಷ್ಟು ನೀರು ಕಂಡರೆ ಬಕೆಟ್ಟಿನಲ್ಲಿ ತೊಳೆಯುವ ಮನಸ್ಸು ಬರುವುದಿಲ್ಲ.

ಪೂಜೆ ಮುಗಿಸಿ ಹೊರಟಾಗ ಸದ್ದು ಇಪ್ಪತ್ತೈದರಲ್ಲೇ ಶುರುವಾಯಿತು. ಅಣ್ಣ ಸಿದ್ದಾಪುರದ ಮಿಸ್ತ್ರಿಯ ಗ್ಯಾರೇಜಿಗೆ ತಿರುಗಿಸಿದ.

ಮಿಸ್ತ್ರಿ ವಯಸ್ಸಾದವರು. ಎಲ್ಲರೂ ಚಾಚಾ ಅನ್ನುತ್ತಾರೆ. ಗಾಡಿಯ ಕೆಳಗೆ ಮಲಗಿ ಆ ದುಂಡು ಹೊಟ್ಟೆಯ ಅಡಿಯ ನಟ್ಟು ಬಿಚ್ಚಿ ಡಬ್ಬಿ ಹಿಡಿದರು. ಕರಿ ಎಣ್ಣೆ ಬರಬೇಕಾದಲ್ಲಿ ಬೂದು ಬಣ್ಣದ, ನೊರೆ ನೊರೆಯಾದ ಏನೋ ಬಂತು. ಬೆರಳಲ್ಲಿ ತಿಕ್ಕಿ ಬಿಸಿಲಿಗೆ ಹಿಡಿದರು. ಕಬ್ಬಿಣದ ಪುಡಿ ಮಿನುಗಿತು.

“ಇದು ಎಣ್ಣಿ ಅಲ್ಲೋ ತಮ್ಮಾ, ಮಜ್ಜಿಗಿ. ಅಮಾಸಿಗೆ ಎಲ್ಲಿ ತೊಳಿತಿ?”

ಅಣ್ಣ ಡಬ್ಬಿಯೊಳಗೆ ಇಣುಕಿದ. ನಾನು, “ಕಾಲುವ್ಯಾಗ,” ಎಂದೆ.

“ಓಡಿಸಿಕೊಂಡ ಬಂದು ಬಿಸಿ ಬಿಸಿದಽ ಇಳಸ್ತಾನ, ಹೌದಿಲ್ರಿ? ಆ ಹೊಟ್ಟಿ, ಅಂದ್ರ ಹೌಸಿಂಗ್, ಕಾದು ನೀರಿಗೆ ಬಿದ್ರ ಉಸಿರು ಒಳಗ ಎಳ್ಕೊಂತೈತ್ರಿ. ಮ್ಯಾಲಿನ ಗಾಳಿ ತೂತು ಕೆಸರಿನಿಂದ ಬಂದ್ ಆಗೇತಿ. ಮತ್ತ ಎಲ್ಲಿಂದ ಎಳ್ಕೊಬೇಕು? ಸೀಲ್‌ನಾಗಿಂದ ನೀರಽ ಎಳ್ಕೊಂತೈತಿ. ಎಣ್ಣಿ ಕಡೀಕ ಯಾವಾಗ ಬದಲಿ ಮಾಡಿದ್ದಿ?”

“ಸೋರಿಲ್ಲ ಚಾಚಾ, ಅದಕ್ಕ...” ಎಂದ ಅಣ್ಣ.

“ಸೋರಿಲ್ಲಂದ್ರ ಛಲೋ ಐತಿ ಅಂತಲ್ಲ. ನಿನ್ನ ಕಣ್ಣಾಗೂ ನೀರು ಸೋರಿಲ್ಲ, ಮಾರಿ ನೋಡ್ಕೊ.”

ಆಕ್ಸಲ್‌ಗಳನ್ನು ಎಳೆದು ಒಳಗಿನ ಹಲ್ಲುಚಕ್ರವನ್ನು ಹೊರಗೆ ತೆಗೆಯುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಹಲ್ಲು ಮುರಿದಿರಲಿಲ್ಲ. ಒಂದೊಂದು ಹಲ್ಲಿನ ಮೇಲೂ ಸಿಡುಬಿನ ಕಲೆಯಂಥ ಸಣ್ಣ ಗುಳಿಗಳು. ಬೇರಿಂಗ್ ಕೈಯಲ್ಲಿ ತಿರುಗಿಸಿದರೆ ಮರಳು ಸಿಕ್ಕಂತೆ ಕರಕರ ಎನ್ನುತ್ತಿತ್ತು. ಇದು ಓಡುವಾಗಲೇ ಹಿಡಿದುಕೊಂಡರೆ ಏನಾಗುತ್ತದೆ ಎಂದು ಕೇಳಿದೆ.

“ಹಿಂದಿನ ಗಾಲಿ ಎರಡೂ ನಿಂತಽ ಬಿಡ್ತಾವ್ರಿ. ಇಳಿಜಾರ ಇದ್ರ ಗಾಡಿ ಅಡ್ಡ ಹೊಳ್ಳತೈತಿ.”

ನಾನದನ್ನು ಬರೆದುಕೊಳ್ಳಲಿಲ್ಲ.

ಹಳೇ ಮಾಡೆಲ್ಲಿನ ಸಾಮಾನು ಹುಬ್ಬಳ್ಳಿಯಿಂದ ಬರಬೇಕು, ಎರಡು ದಿನ. ಆದರೆ ಸಂಜೆ ಹೆಂಗಸರನ್ನು ಊರು ಮುಟ್ಟಿಸಬೇಕೆಂದು ಅಣ್ಣ ಹಟ ಹಿಡಿದ. ಮಿಸ್ತ್ರಿ ಹಳೆಯ ಹಲ್ಲುಚಕ್ರವನ್ನೇ ತೊಳೆದು, ಜೋಡಿಸಿ, ಹೊಸ ಎಣ್ಣೆ ತುಂಬಿದರು. “ಮಂದಿ ಹಾಕಬ್ಯಾಡ. ಖಾಲಿ ಗಾಡಿ, ಮೂವತ್ತರ ಮ್ಯಾಲೆ ಹೋಗಬ್ಯಾಡ. ಆದ್ರೂ ಇಲ್ಲೇ ಬಿಟ್ಟ್ ಹೋದ್ರ ನನಗ ನಿದ್ದಿ ಬರತೈತಿ.”

ಸಂಜೆ ಹೆಂಗಸರು ಕೈಕಾಲು ತೊಳೆದು, ನಾವು ಮೆಲ್ಲಗೆ ತಂದು ನಿಲ್ಲಿಸಿದ್ದ ಗಾಡಿಯ ಹತ್ತಿರ ರಸ್ತೆಗೆ ಬಂದರು. ಅಣ್ಣ, “ಇವತ್ತ ಎಲ್ಲಾರೂ ಬಸ್ಸಿಗೆ ಹೋಗ್ರಿ, ಟೈರ್ ಸರಿ ಇಲ್ಲ,” ಎಂದ.

ಅವ್ವ ಟೈರುಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. “ನೀ ಪೇಪರ್‌ದಾವ. ಖರೇ ಹೇಳು.”

ಹೇಳಿದೆ. ಕಾಲುವೆ, ನೀರು, ಮಜ್ಜಿಗೆಯಾದ ಎಣ್ಣೆ, ಹಲ್ಲು, ಇಳಿಜಾರು, ಬೆಳಿಗ್ಗೆ ಕೇಳಿದ ಆ ಟಕ್. ಹೆಂಗಸರು ಗಾಡಿಯಿಂದ ಎರಡು ಹೆಜ್ಜೆ ಹಿಂದೆ ಸರಿದರು. “ಯವ್ವಾ, ಮುಂಜಾನೆ ನಾ ಅದರ ಮ್ಯಾಲೇ ಕುಂತಿದ್ನೆಲ್ಲ!” ಎಂದಳು ಒಬ್ಬಳು. ಇನ್ನೊಬ್ಬಳು, “ಅದಕ್ಕ ಮಜ್ಜಿಗಿ ಕುಡಿಸ್ಯಾನ ಯಪ್ಪಾ, ನಮಗ ದಿನಾ ಬರೇ ನೀರು!” ಎಂದಳು. ಯಾರೂ ಪೂರ್ತಿ ನಗಲಿಲ್ಲ.

“ನೀವು ಬಸ್ಸಿಗೆ ನಡೀರಿ,” ಎಂದು ಅಣ್ಣ ಗಾಡಿ ಹತ್ತಿದ. “ನಾ ಮೆಲ್ಲಕ ತರ್ತೀನಿ.”

ಅವ್ವ ಸೊಂಟದ ಬುತ್ತಿಗಂಟು ನನ್ನ ಕೈಗೆ ಕೊಟ್ಟು, ಆ ಕಡೆಯ ಬಾಗಿಲು ತೆಗೆದು ಅವನ ಪಕ್ಕ ಹತ್ತಿ ಕೂತಳು.

“ಅವ್ವಾ, ಇಳಿ.”

“ಯಾಕ?”

“ಮಿಸ್ತ್ರಿ ಮಂದಿ ಹಾಕಬ್ಯಾಡ ಅಂದಾನ.”

“ನೀ ಮಂದಿ ಅಲ್ಲೇನು? ನೀ ಕುಂತಿದ್ದ ಗಾಡಿ ಖಾಲಿ ಹ್ಯಾಂಗಾತು? ನೀ ಇಳಿ, ನಾ ಇಳಿತೀನಿ.”

ಎಂಜಿನ್ ಓಡುತ್ತಲೇ ಇತ್ತು. ಅಣ್ಣ ಸ್ಟೇರಿಂಗ್ ಬಿಡಲಿಲ್ಲ, ಅವ್ವ ಮುಂದಿನ ರಸ್ತೆಯನ್ನೇ ನೋಡುತ್ತಿದ್ದಳು. ಅವನು ಹಟಕ್ಕೆ ಗೇರ್ ಹಾಕಿಬಿಟ್ಟರೆ ಎಂದು ನಾನು ಬಂದು ಬಾನೆಟ್ ಮುಂದೆ ನಿಂತೆ. ನಿಂತಿದ್ದಕ್ಕೆ ನಾಚಿಕೆಯೂ ಆಯಿತು. ಇಷ್ಟು ದಿನ ಎಲ್ಲಿದ್ದೆ? ಕೊನೆಗೆ ಅಣ್ಣ ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಿದ.

ಗಾಡಿಯನ್ನು ಮಿಸ್ತ್ರಿಯ ಅಂಗಳಕ್ಕೆ ಒಪ್ಪಿಸಿ ಎಲ್ಲರೂ ಗಂಗಾವತಿಗೆ ಬಂದು ಕುಷ್ಟಗಿ ಬಸ್ಸು ಹತ್ತಿದೆವು. ಅಣ್ಣನಿಗೂ ನನಗೂ ಕೊನೆಯ ಸೀಟು ಸಿಕ್ಕಿತು. ಮುಂದಿನ ಸೀಟಿನಲ್ಲಿ ಅವ್ವ ನಿದ್ದೆ ಹೋಗಿದ್ದಳು. ಬೆಳಿಗ್ಗೆ ಇಳಿದು ಬಂದಿದ್ದ ಕನಕಗಿರಿ ದಾರಿಯ ಆ ಇಳಿಜಾರನ್ನು ಬಸ್ಸು ಏರತೊಡಗಿದಾಗ ಅಣ್ಣ ಎರಡೂ ಪಾದಗಳನ್ನು ನೆಲಕ್ಕೆ ಒತ್ತಿ, ತಲೆ ಓರೆ ಮಾಡಿ ಕೂತ. ನಾನೂ ಹಾಗೇ ಕೂತಿದ್ದೆ. ಇಬ್ಬರೂ ಬಸ್ಸಿನ ಹಿಂದಿನ ಗಾಲಿಯನ್ನು ಕೇಳುತ್ತಿದ್ದೆವು.