ಮೂರನೆಯ ಬಾಗಿಲು

ಮೊನ್ನೆ ಹಳೆಯ ಡೈರಿಯೊಂದನ್ನು ತೆರೆದಾಗ ಮಡಚಿದ ಜೆರಾಕ್ಸ್ ಹಾಳೆ ಜಾರಿಬಿತ್ತು. ಬಿಡಿಸುವ ಮೊದಲೇ ಅದೇನೆಂದು ಗೊತ್ತಾಯಿತು...

ತೊಂಬತ್ತರ ದಶಕದಲ್ಲಿ ನಾವು ವಾಷಿಂಗ್ಟನ್ ಹತ್ತಿರದ ಹಳೆಯ ಊರೊಂದರಲ್ಲಿ ಬಾಡಿಗೆಗಿದ್ದೆವು. ಇಂಗ್ಲೆಂಡಿನ ಮಾದರಿಯಲ್ಲಿ ಕಟ್ಟಿದ ಸಾಲುಮನೆ. ಏಳು ಮನೆಗಳಿಗೂ ಇಟ್ಟಿಗೆಯ ಒಂದೇ ಮುಖ, ನಡುವೆ ಒಂದೊಂದೇ ಗೋಡೆ, ಮಹಡಿ ಏರಿದಂತೆ ಗಿಡ್ಡವಾಗುವ ಕಿಟಕಿಗಳು. ಎಡದಿಂದ ಮೂರನೆಯದು ನಮ್ಮ ಪಕ್ಕದ ಮನೆ. ಅಲ್ಲಿದ್ದ ಆಂಟಿ ಬೆಂಗಳೂರಿನವರು. ಅವರ ಬಾಗಿಲ ಮೇಲೆ ಮಾತ್ರ, ಬೀಸಣಿಗೆ ಬಿಚ್ಚಿದಂತೆ, ಅರ್ಧಚಂದ್ರದ ಗಾಜಿತ್ತು. ನೋಡಲು ಬಂದವರಿಗೆಲ್ಲ ಅವರೇ ಚರಿತ್ರೆ ಹೇಳುತ್ತಿದ್ದರು: ಮೊದಲು ಎಂಟು ಮನೆಗಳಿದ್ದವು, ರಸ್ತೆ ಅಗಲಿಸಲು ಎಡತುದಿಯದನ್ನು ಕೆಡವಿದರು, ಈ ಗಾಜು ಮನೆ ಕಟ್ಟಿದಾಗಿನದು.

ಮೈಸೂರಿನಿಂದ ಬಂದಿದ್ದ ಅಮ್ಮ ಒಂದು ಶುಕ್ರವಾರ ಹೊಸ್ತಿಲಿಗೆ ಅರಿಶಿನ ಹಚ್ಚಿದಳು.

"ಇದು ನಿಮ್ಮ ಒಂಟಿಕೊಪ್ಪಲ್ ಅಲ್ಲಮ್ಮ, ಹಿಸ್ಟಾರಿಕ್ ಡಿಸ್ಟ್ರಿಕ್ಟ್. ಕಲ್ಲು ಸ್ಟೇನ್ ಆದ್ರೆ ಕಂಪ್ಲೇಂಟ್ ಮಾಡ್ಬೇಕಾಗತ್ತೆ," ಎಂದರು ಆಂಟಿ.

ಮಾಡಿಯೂಬಿಟ್ಟರು. ಹಳೆಯ ಕಟ್ಟಡಗಳನ್ನು ಕಾಯುವ ಊರಿನ ಸಮಿತಿಯ ಪತ್ರ ಬಂದ ದಿನ ನಾನು ಕೆಲಸದಿಂದ ಮರಳಿದಾಗ ಅಮ್ಮ ಮಂಡಿಯೂರಿ, ಬ್ರಷ್ ಹಿಡಿದು ಹೊಸ್ತಿಲು ಉಜ್ಜುತ್ತಿದ್ದಳು. ನನ್ನ ಮುಖ ನೋಡಲಿಲ್ಲ.

ಮರುವಾರ ಲೈಬ್ರರಿಯಲ್ಲಿ ಆ ಸಾಲಿನ ಹಳೆಯ ಫೋಟೊ ಹುಡುಕಿದೆ. ಎಡದಿಂದ ಎಣಿಸಿದೆ. ಮೂರನೆಯ ಬಾಗಿಲ ಮೇಲೆ ಬರೀ ಚೌಕದ ಗಾಜು! ಸಮಿತಿಗೆ ಪ್ರತಿ ಕೊಟ್ಟೆ. ಕಟ್ಟಿದಾಗ ಇಲ್ಲದ್ದನ್ನು ಇಟ್ಟುಕೊಳ್ಳುವಂತಿಲ್ಲ ಎಂಬುದು ಅವರದೇ ನಿಯಮ. ಕೆಲಸದವರು ಕೀಳುವಾಗ ಅರ್ಧಚಂದ್ರ ಎರಡು ಹೋಳಾಯಿತು. ಆಂಟಿ ಬೀದಿಯಲ್ಲಿ ನಿಂತಿದ್ದರು.

"ನೀನಾ?"

"ಹಿಸ್ಟಾರಿಕ್ ಡಿಸ್ಟ್ರಿಕ್ಟ್ ಅಲ್ವಾ ಆಂಟಿ?"

ಆ ಮಾತನ್ನು ಎಷ್ಟೋ ದಿನದಿಂದ ಬಾಯಲ್ಲಿ ಇಟ್ಟುಕೊಂಡಿದ್ದೆ. ಹೇಳಿದಾಗ ಎಷ್ಟು ಹಿತವಾಯಿತೆಂದು ಡೈರಿಯಲ್ಲಿ ಎರಡು ಪುಟ ಬರೆದಿದ್ದೇನೆ. ಆಮೇಲೆ ಅವರು ಯಾರಿಗೂ ಚರಿತ್ರೆ ಹೇಳಲಿಲ್ಲ.

ಸರಿಯಾಗಿಯೇ ಎಣಿಸಿದೆ ಎಂದು ಇಷ್ಟು ವರ್ಷ ನಂಬಿದ್ದೆ. ಮೊನ್ನೆ ಹಾಳೆಯನ್ನು ಪೂರ್ತಿ ಬಿಡಿಸಿದೆ. ಎಂಟು ಬಾಗಿಲು. ನಾಲ್ಕನೆಯದರ ಮೇಲೆ ಅರ್ಧಚಂದ್ರ. ತುದಿಯ ಮನೆ ಕೆಡವಿದ ಮೇಲೆ ಆ ನಾಲ್ಕನೆಯದೇ ಮೂರನೆಯದಾಗಿದೆ. ಮಡಿಕೆ ಇರುವುದು ಸರಿಯಾಗಿ ಮೂರನೆಯ, ನಾಲ್ಕನೆಯ ಬಾಗಿಲುಗಳ ನಡುವೆ, ಉಗುರಿನಿಂದ ತೀಡಿದಷ್ಟು ನೇರವಾಗಿ. ಸಮಿತಿಗೆ ಕೊಟ್ಟದ್ದು ಹೀಗೆ ಮಡಚಿಯೇ ತೆಗೆದ, ಮೂರೇ ಬಾಗಿಲು ಕಾಣುವ ಪ್ರತಿ. ಜೆರಾಕ್ಸ್ ಮೆಷಿನ್ ಸಣ್ಣದಿತ್ತೋ, ಅಥವಾ ನಾನೇ... ಎಂಟು ಮನೆಗಳಿದ್ದವು ಎಂದು ಆಂಟಿ ಸಮಿತಿಯೆದುರು ಗೋಗರೆದರಂತೆ. ಸಮಿತಿಯವರು ಪುರಾವೆ ಕೇಳಿದರಂತೆ. ಅದು ನನ್ನ ಡೈರಿಯಲ್ಲಿತ್ತು.

ಈಗ ಆಂಟಿ ಇಲ್ಲ. ಅಮ್ಮನೂ ಇಲ್ಲ. ಆ ಗಾಜನ್ನು ಮತ್ತೆ ಯಾರೂ ಮಾಡಲಾರರು. ತಪ್ಪಾಯಿತು ಎಂದು ಬರೆಯಲು ಪೆನ್ನು ತೆಗೆದೆ. ಕಲ್ಲಿನ ಮೇಲೆ ಊರಿದ ಅಮ್ಮನ ಮಂಡಿ ಕಣ್ಣಿಗೆ ಬಂತು.

ಹಾಳೆಯನ್ನು ಅದೇ ಗೆರೆಯಲ್ಲಿ ಮಡಚಿ, ಡೈರಿ ಮುಚ್ಚಿದೆ.