ಅವ್ವ ಹಿಡಿದ ಹುಟ್ಟು

ಹಿಟ್ನಾಳದ ತಮ್ಮನ ಮನೆಗೆ ಹೋದರೆ, ನಮ್ಮ ಹರಗೋಲು ನಡೆಸುತ್ತಿದ್ದ ಹಳೆಯ ಹುಟ್ಟಿಗೆ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದ್ದಾರೆ! ನೋಡಿದ್ದೇ ತಡ, ತೊಂಬತ್ತು ದಾಟಿದ ನಾನು ತುಂಗಭದ್ರೆಯ ದಡದ ಹುಡುಗಿಯಾದೆ.

ನಾವು ಮೀನು ಹಿಡಿಯುವ ಅಂಬಿಗರು. ಬಲೆ, ಹುಟ್ಟು ಗಂಡಸರದು. ಮೀನಿನ ಬುಟ್ಟಿ, ಸಂತೆಯ ಬೈಗುಳ ಹೆಂಗಸರದು. ಊರಿನ ಹೆಂಗಸರೆಲ್ಲ ನಮ್ಮ ಹರಗೋಲಿನಲ್ಲಿ ಕೂತು ಹೊಳೆ ದಾಟಬಹುದು, ಅಂಬಿಗನ ಹೆಂಡತಿ ಮಾತ್ರ ಹುಟ್ಟು ಮುಟ್ಟಬಾರದು. ಊರ ಗೌಡರ ಲೆಕ್ಕವೂ ವಿಚಿತ್ರ: ದಡದಲ್ಲಿ ಅಪ್ಪ ‘ಲೇ’, ನಡುನೀರಿನಲ್ಲಿ ‘ತಮ್ಮಾ’.

ಒಂದು ದಿನ ಗೌಡರು ಓಡಿಬಂದರು. ಸೊಸೆಗೆ ಹೆರಿಗೆ ನೋವು, ಮಗು ಅಡ್ಡ ತಿರುಗಿದೆ, ಸೂಲಗಿತ್ತಿ ಆಚೆ ದಡದಲ್ಲಿದ್ದಾಳೆ. ಅಪ್ಪನಿಗೋ ಏಳಲಾಗದ ಜ್ವರ. ಅವ್ವ ಕಚ್ಚೆ ಬಿಗಿದು ಹುಟ್ಟು ಎತ್ತಿಕೊಂಡಳು.

“ಏ, ಹೆಂಗಸು ಹುಟ್ಟು ಹಿಡಿದ್ರ ಹೊಳಿ ಗಂಗವ್ವ ಸಿಟ್ಟಾಗ್ತಾಳ!” ಗೌಡರು ಗದರಿದರು.

“ಹುಟ್ಟು ಹೆಂಗಸರ ಕೆಲಸ ಅಲ್ಲೇನ್ರಿ ಗೌಡ್ರ? ಮನ್ಯಾಗ ನಿಮ್ಮ ಸೊಸಿ ಏನ್ ಮಾಡಾಕತ್ತಾಳ ಮತ್ತ?”

ಅವ್ವ ದಡ ಬಿಟ್ಟಳು. ಹರಗೋಲು ಒಂದು ಸುತ್ತು ಬುಗುರಿಯಾಯಿತು. ಆಮೇಲೆ ನೆಟ್ಟಗೆ ಹೊರಟಿತು! ಅವ್ವ ಸೂಲಗಿತ್ತಿಯನ್ನು ಕರೆತಂದಳು. ತಾಯಿ, ಮಗು ಇಬ್ಬರೂ ಉಳಿದರು.

ಮರುದಿನ ಗೌಡರ ಮನೆಯಿಂದ ರೇಷ್ಮೆ ರುಮಾಲು ಬಂತು. ಯಾರಿಗೆ? ಅಪ್ಪನಿಗೆ! ಅಪ್ಪ ಕಂಬಳಿಯೊಳಗಿಂದಲೇ ಅದನ್ನು ಅವ್ವನ ಕಡೆ ತಳ್ಳಿದ. ಅವ್ವ ಅದನ್ನೇ ಸುತ್ತಿ ತಲೆಗೆ ಸಿಂಬೆ ಮಾಡಿಕೊಂಡು, ಮೀನಿನ ಬುಟ್ಟಿ ಹೊತ್ತು, ಗೌಡರ ಮನೆ ಮುಂದೆಯೇ ಸಂತೆಗೆ ನಡೆದಳು.

ತಮ್ಮನ ಮನೆಯಲ್ಲಿ ನಾನು ಬಟ್ಟೆ ತೆಗೆದುಹಾಕಿ, ಹುಟ್ಟು ಹಿಡಿದು ಬಸ್ಸು ಹತ್ತಿದೆ.

“ಯಾರದಬೇ ಇದು, ನಿಮ್ಮಪ್ಪಂದೇನು?” ಕಂಡಕ್ಟರ್ ಕೇಳಿದ.

“ಅಲ್ಲೋ ತಮ್ಮಾ, ನಮ್ಮವ್ವಂದು!”